ಇಪ್ಪತ್ತಮೂರು ಇಮೇಲ್, ಹತ್ತು ಬೂತಾಯಿ

ಬೆಳಿಗ್ಗೆ ಆರೂವರೆ, ಮಂಜೇಶ್ವರ ಬಂದರು. ಈಗ ನೀವು ನೋಡುತ್ತಿರುವ ಬುಟ್ಟಿಯಲ್ಲಿ ಇರುವುದು ಬೂತಾಯಿ. ಪಕ್ಕದಲ್ಲಿ ನಿಂತಿರುವ ಮಲಯಾಳಂ ಮಾತಾಡುವ ಇಕ್ಕನಿಗೆ (ಅಣ್ಣನಿಗೆ) ಇದು ಮತ್ತಿ. ಕೊಚ್ಚಿಗೆ ಹೋದರೆ ಚಾಳ. ಲ್ಯಾಬ್‌ನಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ನನಗೆ ಮೊದಲ ಇಂಟರ್ನ್‌ಶಿಪ್ ಕೊಡಿಸಿದ್ದು ಇದೇ ಮೀನು.

ತಂಗಿಯ ಕ್ಲಾಸಿನವರು ಕೇಳುತ್ತಲೇ ಇರುತ್ತಾರೆ, "ಅಕ್ಕಾ, ಹೇಗೆ ಸಿಕ್ಕಿತು?" ಅಂತ. ಸಿಗದಿದ್ದ ಕಥೆ ಮೊದಲು ಹೇಳುತ್ತೇನೆ. ಬಿಎಸ್ಸಿ ಎರಡನೇ ವರ್ಷ, ಏಪ್ರಿಲ್ ತಿಂಗಳು. ಒಂದೇ ಇಮೇಲನ್ನು ಇಪ್ಪತ್ತಮೂರು ವಿಜ್ಞಾನಿಗಳಿಗೆ ಕಳಿಸಿದೆ. "ರೆಸ್ಪೆಕ್ಟೆಡ್ ಸರ್, ನನಗೆ ಸಮುದ್ರ ಅಂದರೆ ತುಂಬಾ ಇಷ್ಟ" ಅಂತ ಶುರು. ಅವರಲ್ಲಿ ಅರ್ಧ ಜನ ಮೇಡಂಗಳು! ಉತ್ತರ ಒಂದೂ ಬರಲಿಲ್ಲ. ಬರಬೇಕಾದ್ದೂ ಇರಲಿಲ್ಲ ಬಿಡಿ.

ಮರುವರ್ಷ ಸುಮ್ನೆ ಒಂದು ಕೆಲಸ ಮಾಡಿದೆ. ಮಾವನ ದೋಣಿ ಬಂದಾಗಲೆಲ್ಲ ಹತ್ತು ಬೂತಾಯಿ ತೆಗೆದುಕೊಂಡು, ಜಾಮೆಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಇದೆಯಾ ನೋಡಿ, ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಡಿಸೆಂಬರಿನಲ್ಲಿ ಆ ಪುಟದ ಫೋಟೋ ಹಾಕಿ ಒಬ್ಬರಿಗೇ ಇಮೇಲ್ ಮಾಡಿದೆ. ಎರಡೇ ದಿನದಲ್ಲಿ ಉತ್ತರ: "ಅಳತೆ ಬಾಲದ ತುದಿವರೆಗಾ, ಕವಲಿನವರೆಗಾ?"

ಹಾಗೆ ಎರಡು ಅಳತೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೆಲವು ಹಾಗೆ ಅಳೆದಿದ್ದೆ, ಕೆಲವು ಹೀಗೆ. ಇದ್ದದ್ದು ಇದ್ದ ಹಾಗೆ ಬರೆದೆ. "ಮೇ ತಿಂಗಳಲ್ಲಿ ಬನ್ನಿ" ಅಂದರು. ಹೋಗಿ ಮಾಡಿದ್ದೇನು ಗೊತ್ತಾ? ಬೂತಾಯಿ ತಲೆಯೊಳಗಿನ ಕಿವಿಕಲ್ಲು ತೆಗೆಯುವುದು. ಅಕ್ಕಿಕಾಳಿಗಿಂತ ಸಣ್ಣದು. ಚಿಮಟದಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೆ ಪುಡಿ. ಸೂಕ್ಷ್ಮದರ್ಶಕದಲ್ಲಿಟ್ಟರೆ ಮರದ ಕಾಂಡದ ಹಾಗೆ ಸುತ್ತು ಸುತ್ತು ಗೆರೆ. ಅದನ್ನು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ.

ಈಗ ದುಡ್ಡಿನ ವಿಷಯ. ಪ್ಲಸ್ ಟು ಬೋರ್ಡಿನಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಬಿಎಸ್ಸಿ ಸೇರಿದವರಿಗೆ ಇನ್‌ಸ್ಪೈರ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೇ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಸಮ್ಮರ್ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು. ಏಪ್ರಿಲಿನಲ್ಲಿ ಎದ್ದು ಕೂತರೆ ನನ್ನ ಕಥೆಯೇ. ಎಮ್ಮೆಸ್ಸಿ ಆದಮೇಲೆ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ, 2023ರಿಂದ ತಿಂಗಳಿಗೆ 37,000. ಹೊರಗೆ ಹೋಗುವ ಆಸೆ ಇದ್ದರೆ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯ ಮುಂದೆ ನಿಂತು ನಡೆಸುವ ಐಎಂಬಿಆರ್‌ಸೀ ನೋಡಿ, ಅದು ಸಮುದ್ರದ ಜೀವಸಂಪತ್ತಿನ ಮಾಸ್ಟರ್ಸ್. ಅದಕ್ಕೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 1,400 ಯೂರೋ. ಆದರೆ "ಐದು ಸಾವಿರ ಕಟ್ಟಿ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಮನೆಗೇ ಬರುತ್ತದೆ" ಅನ್ನುವವರು ಸಿಕ್ಕರೆ, ಆ ದುಡ್ಡಿಗೆ ಮೀನು ತಿನ್ನಿ.

ಗಡಿಯವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ. ನನ್ನ ಗೆಳತಿ ಟ್ರಾಲ್ ಬೋಟಿನ (ದೊಡ್ಡ ಬಲೆ ಎಳೆದುಕೊಂಡು ಹೋಗುವ ಯಂತ್ರದ ಬೋಟು) ಮೀನಿನ ಮೇಲೆ ಪ್ರಾಜೆಕ್ಟ್ ತೆಗೆದುಕೊಂಡು, ಜೂನ್ 2ಕ್ಕೆ ಮಂಗಳೂರಿನ ಮೀನುಗಾರಿಕೆ ದಕ್ಕೆಗೆ ಹೋದಳು. ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿದ್ದವು. ಮಳೆಗಾಲದಲ್ಲಿ ಇಂಥ ಬೋಟುಗಳು ಮೀನು ಹಿಡಿಯುವಂತಿಲ್ಲ: ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ ನಿಷೇಧ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡಿಗೆ ಓಡಿ ಬಂದು, ಆ ಒಂದು ವಾರದಲ್ಲಿ ಸಿಕ್ಕಷ್ಟು ಸ್ಯಾಂಪಲ್ ಹಿಡಿದು ಬಚಾವಾದಳು. ಬೇಸಿಗೆ ಪ್ರಾಜೆಕ್ಟ್ ಅಂದಮೇಲೆ ಮೀನನ್ನು ಮೇ ತಿಂಗಳಲ್ಲೇ ಐಸಿಗೆ ಹಾಕಿಕೊಳ್ಳಿ.

ಇವತ್ತಿನ ಹತ್ತೂ ಅಳೆದು ಆಯಿತು. ದೊಡ್ಡದು 16.4 ಸೆಂಟಿಮೀಟರ್, ಕವಲಿನವರೆಗೆ. ಅಮ್ಮ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಪುಳಿಮುಂಚಿಗೆ, ಅಂದರೆ ಹುಳಿ-ಖಾರದ ಮೀನು ಸಾರಿಗೆ, ಹುಳಿ ನೆನೆಹಾಕಿ ಆಗಿದೆಯಂತೆ.