ಕಿವಿ ತೋರಿಸಲು ಬಂದರೂ ಅಂಗಿ ಬಿಚ್ಚಿ

ಕೇಳುಗರಿಗೆ ನಮಸ್ಕಾರ. ಬೈತಖೋಲ್ ಬಂದರಿನಲ್ಲಿ ಬಲೆ ಹೆಣೆಯುತ್ತಾ ರೇಡಿಯೊ ಹಚ್ಚಿಕೊಂಡವರೇ, ಶಿರಸಿ ಕಡೆ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರೇ, ಇವತ್ತು ನನ್ನದು ಒಂದೇ ಮಾತು. ಚರ್ಮದಲ್ಲಿ ಒಂದು ಕ್ಯಾನ್ಸರ್ ಸಿಕ್ಕಿತು ಅಂದರೆ ಅಲ್ಲಿಗೇ ನಿಲ್ಲಬೇಡಿ. ಮೈಯೆಲ್ಲ ತೋರಿಸಿ.

ಅಂಕೋಲಾ ಕಡೆಯ ಒಬ್ಬರು ನನ್ನ ಹತ್ತಿರ ಬಂದಿದ್ದರು. ದೋಣಿಯ ಮೇಲೇ ಬದುಕಿದವರು. ಅಕ್ಕ ಕೊಟ್ಟ ಕಿಡ್ನಿ ಹಾಕಿಸಿಕೊಂಡಿದ್ದರು. ಹೊಸ ಕಿಡ್ನಿಯ ಮೇಲೆ ಮೈ ತಿರುಗಿ ಬೀಳಬಾರದಲ್ಲ, ಅದಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ದಿನಾ ನುಂಗುತ್ತಿದ್ದರು. ಕೈ ತುಂಬ ನರಹುಲಿ. ಅವಕ್ಕೆ ಕುದುರೆ ಕೂದಲು ಕಟ್ಟಿದ್ದಾಯ್ತು, ಸುಣ್ಣ ಹಚ್ಚಿದ್ದೂ ಆಯ್ತು. ಕಿವಿಯ ಮೇಲೊಂದು ಹುಣ್ಣು. "ಹಗ್ಗ ತಾಗಿದ್ದು ಡಾಕ್ಟ್ರೇ" ಅಂದರು. ಹಗ್ಗ ತಾಗಿದ ಗಾಯ ತಿಂಗಳುಗಟ್ಟಲೆ ಮಾಯದೆ ಇರುತ್ತದೆಯೇ? ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಸ್ಕ್ವಾಮಸ್ ಸೆಲ್ ಕ್ಯಾನ್ಸರ್. ಅಂಗಿ ಬಿಚ್ಚಿ ಅಂದೆ. "ಕಿವಿ ನೋಡೋಕೆ ಅಂಗಿ ಯಾಕೆ?" ಅಂತ ಅವರ ಹೆಂಡತಿ ನನ್ನ ಮೇಲೇ ರೇಗಿದರು. ಬಿಚ್ಚಿಸಿದೆ. ಭುಜದ ಹಿಂದೆ ನೇರಳೆ ಬಣ್ಣದ ಗಂಟು. ನೋವಿಲ್ಲ, ತುರಿಕೆಯಿಲ್ಲ. ಅದು ಬೇರೆಯೇ ಜಾತಿ, ಮರ್ಕೆಲ್ ಸೆಲ್ ಕ್ಯಾನ್ಸರ್. ಕಿವಿಯದಕ್ಕಿಂತ ಜೋರಿನದು.

ಈ ಮರ್ಕೆಲ್ ಗಂಟಿನೊಳಗೆ ಒಂದು ವೈರಸ್ ಇದೆ ಅಂತ 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ದಂಪತಿಯ ತಂಡ ಕಂಡುಹಿಡಿಯಿತು. ಅಲ್ಲಿ ಇಂಥ 10 ಗಂಟುಗಳಲ್ಲಿ ಸುಮಾರು 8ರಲ್ಲಿ ಅದು ಸಿಗುತ್ತದೆ. ಹೆದರಬೇಡಿ. ನಮ್ಮಲ್ಲಿ ಹೆಚ್ಚಿನವರ ಚರ್ಮದ ಮೇಲೆ ಅದು ಸುಮ್ನೆ ಇರುತ್ತದೆ. ಮುಟ್ಟಿದರೆ ಕ್ಯಾನ್ಸರ್ ಅಂಟುವುದಿಲ್ಲ, ಬೇರೆ ತಟ್ಟೆ ಇಡಬೇಕಾಗಿಲ್ಲ. ಅಪರೂಪಕ್ಕೆ ಅದರ ಡಿಎನ್‌ಎ ಮುರಿದು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ. ಮೈಯ ಕಾವಲು ಸಡಿಲವಾಗಿದ್ದರೆ ಅಂಥ ಜೀವಕೋಶವನ್ನು ತಡೆಯುವವರಿಲ್ಲ. ನರಹುಲಿಯದು ಬೇರೆ ವೈರಸ್, ಎಚ್‌ಪಿವಿ. ಅದರ ಕೆಲವು ತಳಿಗಳು ಬಿಸಿಲಿನ ಜೊತೆ ಸೇರಿ ಸ್ಕ್ವಾಮಸ್ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಕಾವಲು ತಗ್ಗಿದ ಮೈಯಲ್ಲಿ ಎರಡಕ್ಕೂ ಜಾಗ ಸಿಕ್ಕಿತು, ಅಲ್ವಾ? ಅದಕ್ಕೇ ಮೈಯೆಲ್ಲ ನೋಡಬೇಕು ಅನ್ನುವುದು.

ಎರಡೂ ಕ್ಯಾನ್ಸರ್ ಒಂದೇ ಗಂಟಿನಲ್ಲಿ ಬೆರೆತಿದ್ದರೆ ಮಾತ್ರ ಮರ್ಕೆಲ್ ವೈರಸ್ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿ ಬಿಸಿಲಿನದೇ ಕೆಲಸ ಜಾಸ್ತಿ. ಇದನ್ನು ಬಿಡಿಸಿ ಹೇಳುವ ಆಸೆಯಿತ್ತು, ಗಾಜಿನಾಚೆ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ.

ಕಿಡ್ನಿ ಕಸಿ ಆದವರು ವರ್ಷಕ್ಕೊಮ್ಮೆಯಾದರೂ ನೆತ್ತಿಯಿಂದ ಪಾದದವರೆಗೆ ಚರ್ಮ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ದೋಣಿಗೆ ಹೋಗುವಾಗ ಕಿವಿ ಮುಚ್ಚುವ ಟೊಪ್ಪಿ ಇರಲಿ. ನಮಸ್ಕಾರ.