ಹತ್ತನೇ ಪುಸ್ತಕದ ಜಗಳ

ನಮಸ್ಕಾರ ಎಲ್ಲರಿಗೂ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ಸಾಲು ನೋಡಿ. ದಪ್ಪ ದಪ್ಪ 14 ಪುಸ್ತಕ, ಕೊನೆಯಲ್ಲಿ ತೆಳ್ಳಗೆ ಇನ್ನೊಂದು. ಎಲ್ಲ ಸೇರಿದರೆ ಸುಮಾರು 44 ಲಕ್ಷ ಪದ. ಅಮೆರಿಕದ ಲೇಖಕ ರಾಬರ್ಟ್ ಜೋರ್ಡನ್ ಶುರು ಮಾಡಿದ ಫ್ಯಾಂಟಸಿ ಕಾದಂಬರಿ ಸರಣಿ, 'ದಿ ವೀಲ್ ಆಫ್ ಟೈಮ್'.

ಇವತ್ತು ಕಥೆ ಹೇಳುವುದಿಲ್ಲ. ಇದನ್ನು ಓದಿದ ಇಬ್ಬರು ಎದುರು ಬದುರು ಕೂತರೆ ಯಾವ ಯಾವ ವಿಷಯಕ್ಕೆ ಕಿತ್ತಾಡುತ್ತಾರೆ ಅನ್ನುವುದನ್ನು ಹೇಳುತ್ತೇನೆ. ಮಾತಿನ ಮಧ್ಯೆ ಕೆಲವು ಗುಟ್ಟು ಹೊರಗೆ ಬರುತ್ತವೆ. ಓದುವ ಆಸೆ ಇದ್ದರೆ ಇಲ್ಲೇ ನಿಲ್ಲಿಸಿ, ಬೇಜಾರಿಲ್ಲ.

ಮೊದಲ ಪುಸ್ತಕ ಬಂದಿದ್ದು 1990ರಲ್ಲಿ. ಕೊನೆಯದು 2013ರಲ್ಲಿ. ಕಾಲೇಜಿನಲ್ಲಿದ್ದಾಗ ಹಿಡಿದವರು ಮುಗಿಸುವಾಗ ಮಕ್ಕಳ ಕಾಲೇಜು ಫೀಸು ಕಟ್ಟುವ ವಯಸ್ಸಿಗೆ ಬಂದಿದ್ದರು. ಹಾಗಾಗಿ ಇದರ ಓದುಗರಲ್ಲಿ ಎರಡು ಜಾತಿ. ಕಾದವರು, ಕಾಯದವರು. ನಾನು ಎರಡನೇ ಜಾತಿ. ಎಲ್ಲ ಪುಸ್ತಕ ಬಂದಾದ ಮೇಲೆ ಒಂದರ ಹಿಂದೆ ಒಂದು ಓದಿದವಳು. ನಮ್ಮ ದೊಡ್ಡಪ್ಪನ ಮಗ, ನಮ್ಮಣ್ಣ, ಮೊದಲನೇ ಜಾತಿ. ಯಾವುದೇ ಮದುವೆ ಮನೆಯಲ್ಲಿ ಸಿಕ್ಕಲಿ, ಊಟದ ಎಲೆ ಮುಂದೆ ನಮ್ಮಿಬ್ಬರಿಗೂ ಇದೇ ಮಾತು. ಪಕ್ಕದಲ್ಲಿ ಕೂತವರು ಪಾಪ ಎದ್ದು ಬೇರೆ ಪಂಕ್ತಿಗೆ ಹೋಗುತ್ತಾರೆ.

ಜಗಳ ಜಾಸ್ತಿ ಆಗುವುದು ಹತ್ತನೇ ಪುಸ್ತಕಕ್ಕೆ. ಹೆಸರು 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್'. ಎಂಟರಿಂದ ಹತ್ತರವರೆಗಿನ ಭಾಗವನ್ನು ಓದುಗರು 'ಸ್ಲಾಗ್', ಅಂದರೆ ಏಗಾಟ, ಅಂತಲೇ ಕರೆಯುತ್ತಾರೆ. ಕೆಲವರು ಏಳನ್ನೂ ಅದಕ್ಕೆ ಸೇರಿಸುತ್ತಾರೆ. ಆದರೆ ಹತ್ತನೆಯದನ್ನು ಬಿಡುವವರು ಯಾರೂ ಇಲ್ಲ.

ಯಾಕೆ ಅಂತ ಕೇಳಿ. ಒಂಬತ್ತನೇ ಪುಸ್ತಕ 2000ದ ನವೆಂಬರಿನಲ್ಲಿ ಬಂತು. ಅದರ ಕೊನೆಯಲ್ಲಿ ಇಡೀ ಸರಣಿಯ ಅತಿ ದೊಡ್ಡ ಘಟನೆಗಳಲ್ಲಿ ಒಂದು ನಡೆಯುತ್ತದೆ. ಗಂಡಸರ ಮಾಂತ್ರಿಕ ಶಕ್ತಿಗೆ ಸಾವಿರಾರು ವರ್ಷದಿಂದ ಒಂದು ಕೊಳೆ ಅಂಟಿಕೊಂಡಿದೆ. ಅದನ್ನು ಬಳಸಿದ ಗಂಡಸರಿಗೆಲ್ಲ ಹುಚ್ಚು ಹಿಡಿಯುತ್ತದೆ. ನಾಯಕ ರಾಂಡ್ ಆ ಕೊಳೆಯನ್ನು ತೊಳೆದು ಹಾಕುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮುಂದೇನು? ಓದುಗರು ಎರಡು ವರ್ಷದ ಮೇಲೆ ಕಾದರು. 2003ರ ಜನವರಿಯಲ್ಲಿ ಹತ್ತನೆಯದು ಬಂತು. ತೆರೆದರೆ, ಕಥೆ ಮತ್ತೆ ಹಿಂದಕ್ಕೆ ಹೋಗಿದೆ! ಅದೇ ದಿನ ಬೇರೆಯವರೆಲ್ಲ ಎಲ್ಲೆಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನುವುದೇ ಪುಸ್ತಕದ ದೊಡ್ಡ ಪಾಲು. ಒಬ್ಬೊಬ್ಬರಾಗಿ ದೂರದಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಅಂತ ಆ ಕಡೆ ತಿರುಗಿ ನೋಡುತ್ತಾರೆ. ರಾಂಡ್ ಮುಖ ತೋರಿಸುವುದೇ ಅಪರೂಪ.

"ನೀನು ಪುಟ ತಿರುಗಿಸಿದೆ ಅಷ್ಟೇ ಕಣೇ, ನಾನು ಎರಡು ವರ್ಷ ಕೂತಿದ್ದೆ" ಅನ್ನುತ್ತಾನೆ ಅಣ್ಣ. ಅವನ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಅವನ ತೀರ್ಪು ಒಪ್ಪುವುದಿಲ್ಲ.

ರಾಂಡ್‌ನ ಊರಿನ ಗೆಳೆಯ ಪೆರಿನ್ ಕಥೆಯನ್ನೇ ತೆಗೆದುಕೊಳ್ಳಿ. ಅವನ ಹೆಂಡತಿ ಫೈಲ್‌ಳನ್ನು ಶತ್ರುಗಳು ಹೊತ್ತುಕೊಂಡು ಹೋಗುವುದು 1998ರ ಪುಸ್ತಕದ ಕೊನೆಯಲ್ಲಿ. ಅವಳು ಬಿಡುಗಡೆಯಾಗುವುದು 2005ರ ಪುಸ್ತಕದಲ್ಲಿ. ಪೆರಿನ್ ಒಂದು ಚರ್ಮದ ದಾರಕ್ಕೆ ದಿನಕ್ಕೊಂದು ಗಂಟು ಹಾಕುತ್ತಾ ಲೆಕ್ಕ ಇಡುತ್ತಾನೆ. ಓದುಗರೂ ಹಾಗೆ ಗಂಟು ಹಾಕಿದ್ದರೆ ಪೇಟೆಯ ದಾರವೆಲ್ಲ ಖಾಲಿಯಾಗುತ್ತಿತ್ತು. ಏಳು ವರ್ಷ ಸ್ವಾಮಿ!

ಕಾಯದವಳಾಗಿ ಓದಿದ ನನಗೆ ಅದರಲ್ಲಿ ಬೇರೆಯದೇ ಕಂಡಿತು. ಸೈನ್ಯಕ್ಕೆ ಕಾಳು ಬೇಕು ಅಂತ ಪೆರಿನ್ ಸೋ ಹಾಬರ್ ಅನ್ನುವ ಊರಿಗೆ ಹೋಗುತ್ತಾನೆ. ಊರಿನ ಜನ ಸ್ನಾನ ಬಿಟ್ಟು ಎಷ್ಟೋ ಕಾಲವಾಗಿದೆ. ಮೈಯೆಲ್ಲ ಕೊಳಕು. ಯಾರೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ಸತ್ತವರು ಊರಲ್ಲಿ ಓಡಾಡುತ್ತಿದ್ದಾರೆ. ಚೀಲ ಬಿಚ್ಚಿದರೆ ಕಾಳಿನ ತುಂಬ ಹುಳ. ಬೇರೆ ದಾರಿಯಿಲ್ಲ. ಚಳಿಯಲ್ಲಿ ನಿಂತು ಆ ಕಾಳನ್ನು ತೂರಿಸಿ, ಹುಳ ಬೇರೆ ಮಾಡಿಸಿ, ಅದನ್ನೇ ಗಾಡಿಗೆ ಹೇರಿಸುತ್ತಾನೆ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ, ನಿಜ. ಆದರೆ ಲೋಕ ಹಾಳಾಗುತ್ತಿದೆ ಅಂತ ಒಂಬತ್ತು ಪುಸ್ತಕದಿಂದ ಬಾಯಲ್ಲಿ ಹೇಳಿಸಿಕೊಂಡಿದ್ದೆ. ಇಲ್ಲಿ ಅದು ಮೂಗಿಗೆ ಹೊಡೆಯಿತು.

ಅದೇ ಪುಸ್ತಕದಲ್ಲಿ ಹೆಂಡತಿಯ ಸುಳಿವಿಗಾಗಿ ಪೆರಿನ್ ಒಬ್ಬ ಕೈದಿಯ ಕೈ ಕಡಿಯುತ್ತಾನೆ. ಆಮೇಲೆ ಕೊಡಲಿಯನ್ನು ಮರಕ್ಕೆ ಬೀಸಿ ಹೊಡೆದು, ಅಲ್ಲೇ ಬಿಟ್ಟು ಹೋಗುತ್ತಾನೆ. ಜೋರ್ಡನ್ ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್‌ನಲ್ಲಿ ಕೂತು ಗುಂಡು ಹಾರಿಸಿದವರು. ಹಿಂಸೆ ಮಾಡಿದ ಕೈಗೆ ಆಮೇಲೆ ಏನಾಗುತ್ತದೆ ಅಂತ ಬರೆಯುವಾಗ ಅವರು ಅವಸರ ಮಾಡುವುದಿಲ್ಲ.

ಹಾಗಂತ ಹತ್ತನೆಯದನ್ನು ಪೂರ್ತಿ ಹೊತ್ತುಕೊಳ್ಳಲು ನಾನೂ ತಯಾರಿಲ್ಲ. ರಾಜಕುಮಾರಿ ಎಲೇನ್ ಸಿಂಹಾಸನಕ್ಕೆ ಓಡಾಡುವ ಪುಟಗಳು, ಸ್ನಾನ, ಚಹಾ, ಬಟ್ಟೆಯ ಕಸೂತಿ, ಯಾರ ತೋಳಿಗೆ ಯಾವ ಲೇಸು. ಅಯ್ಯೋ ಸಾಕು. ಅಲ್ಲಿ ಕಾದವರೂ ಕಾಯದವರೂ ಒಂದೇ ಪಕ್ಷ.

ಇನ್ನು ಮೂರನೇ ಒಂದು ಜಾತಿ ಇದೆ, ಅದು ಕೇಳುವವರದು. ಆಡಿಯೊ ಪುಸ್ತಕವನ್ನು ಕೇಟ್ ರೀಡಿಂಗ್ ಮತ್ತು ಮೈಕಲ್ ಕ್ರೇಮರ್ ಓದಿದ್ದಾರೆ. ಇಬ್ಬರೂ ಗಂಡ ಹೆಂಡತಿ. ಹೆಂಗಸರ ಕಣ್ಣಿನಿಂದ ಹೇಳಿದ ಭಾಗ ಆಕೆಗೆ, ಗಂಡಸರದು ಆತನಿಗೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇದನ್ನು ಕೇಳಿದ ಗೆಳತಿಯೊಬ್ಬಳಿಗೆ ಹತ್ತನೇ ಪುಸ್ತಕ ನಿಧಾನ ಅನ್ನಿಸಲೇ ಇಲ್ಲವಂತೆ. ಅಲ್ಲಿ ಗಾಡಿಗಿಂತ ಕಥೆಯೇ ಬೇಗ ಮುಂದೆ ಹೋಗುತ್ತಿತ್ತು.

ಎರಡನೇ ದೊಡ್ಡ ಜಗಳ ಹೆಂಗಸರ ಪಾತ್ರಗಳದ್ದು. ರಾಂಡ್‌ನ ಊರಿನವಳೇ ಆದ ನೈನೀವ್ ಸಿಟ್ಟು ಬಂದಾಗಲೆಲ್ಲ ಜಡೆ ಎಳೆದುಕೊಳ್ಳುತ್ತಾಳೆ. ನೂರಾರು ಸಲ. ಇದನ್ನು ಆಡಿಕೊಳ್ಳದ ಓದುಗರಿಲ್ಲ. ನಾಲ್ಕು ಹೆಂಗಸರು ಒಂದು ಕೋಣೆಯಲ್ಲಿ ಸೇರಿದರೆ ಮೂಗು ಮುರಿಯುವುದು, ಲಂಗ ಸರಿಮಾಡಿಕೊಳ್ಳುವುದು, ಗಂಡಸರೆಲ್ಲ ದಡ್ಡರು ಅನ್ನುವುದು. ನಮ್ಮಲ್ಲಿ ಎರಡು ಜಡೆ ಸೇರಿದರೆ ಅಂತ ಹೇಳುವ ಹಳೆ ಕುಹಕವನ್ನೇ ಜೋರ್ಡನ್ ಇಲ್ಲಿ ಸಾವಿರಾರು ಪುಟ ಎಳೆದಿದ್ದಾರೆ ಅನ್ನಿಸುತ್ತದೆ. ಈ ದೂರನ್ನು ನಾನು ಒಪ್ಪುತ್ತೇನೆ.

ಆದರೆ ನೈನೀವ್ ವಿಷಯಕ್ಕೆ ಬಂದರೆ ಸ್ವಲ್ಪ ತಡೆಯಿರಿ. ಅವಳ ಊರಿನಲ್ಲಿ ಹುಡುಗಿ ದೊಡ್ಡವಳಾದಳು ಅಂತ ಹಿರಿಯ ಹೆಂಗಸರು ಒಪ್ಪಿದ ಮೇಲೇ ಜಡೆ ಹಾಕಿಕೊಳ್ಳುವುದು. ಚಿಕ್ಕ ವಯಸ್ಸಿಗೇ ಊರಿನ ವೈದ್ಯೆಯಾದವಳು, ಎಲ್ಲರಿಂದ ಚಿಕ್ಕವಳು ಅಂತ ಅನ್ನಿಸಿಕೊಂಡೇ ಬದುಕಿದವಳು. ಕೈ ಜಡೆಗೆ ಹೋಗದೆ ಇನ್ನೆಲ್ಲಿ ಹೋಗಬೇಕು?

ಹನ್ನೊಂದನೇ ಪುಸ್ತಕಕ್ಕೆ ಬನ್ನಿ. ಅವಳ ಗಂಡ ಲ್ಯಾನ್, ನಾಶವಾದ ರಾಜ್ಯ ಮಲ್ಕಿಯರ್‌ನ ಕೊನೆಯ ದೊರೆ, ಒಬ್ಬನೇ ಕಣಿವೆಗೆ ಹೋಗಿ ಹೋರಾಡಿ ಸಾಯಲು ಹೊರಟಿದ್ದಾನೆ. ನಿನ್ನ ಮಾಂತ್ರಿಕ ಶಕ್ತಿಯಿಂದ ನನ್ನನ್ನು ಗಡಿನಾಡಿಗೆ ಬಿಡು ಅನ್ನುತ್ತಾನೆ. ಅವಳು ಬಿಡುತ್ತಾಳೆ. ಆದರೆ ಅವನು ಹೋಗಬೇಕಾದ ಕಣಿವೆ ಗಡಿನಾಡಿನ ಒಂದು ತುದಿ, ಅವಳು ಬಿಟ್ಟಿದ್ದು ಇನ್ನೊಂದು ತುದಿ! ಜೊತೆಗೆ ಬರುತ್ತೇನೆ ಅಂದವರನ್ನು ಬೇಡ ಅನ್ನಬಾರದು ಅಂತ ಮೊದಲೇ ಆಣೆ ಹಾಕಿಸಿಕೊಂಡಿರುತ್ತಾಳೆ. ಆಮೇಲೆ ಊರೂರು ಸುತ್ತಿ, ಮಲ್ಕಿಯರ್‌ನಿಂದ ಚದುರಿಹೋದ ಜನರನ್ನು ಹುಡುಕಿ, ನಿಮ್ಮ ದೊರೆ ಒಬ್ಬನೇ ಹೋಗಬೇಕಾ ಅಂತ ಕೇಳುತ್ತಾಳೆ. ಅವರಲ್ಲೊಬ್ಬ ವ್ಯಾಪಾರಿ, ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದ, ಮಲ್ಕಿಯರ್ ಯೋಧರ ಗುರುತಾದ ಚರ್ಮದ ಪಟ್ಟಿಯನ್ನು ತೆಗೆದು ಹಣೆಗೆ ಕಟ್ಟಿಕೊಳ್ಳುತ್ತಾನೆ. ಈ ಭಾಗ ಓದಿದ ಮೇಲೂ ನೈನೀವ್ ಅಂದರೆ ಬರೀ ಜಡೆ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಸುಮ್ನೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇನೆ.

ಎಲ್ಲರೂ ಒಪ್ಪುವ ಜಾಗವೂ ಇದೆ. ನಾಲ್ಕನೇ ಪುಸ್ತಕದಲ್ಲಿ ಬರುವ ರುಯಿಡಿಯನ್ ಅನ್ನುವ ಊರಿನ ಭಾಗ. ಆಯೀಲ್ ಅನ್ನುವ ಮರುಭೂಮಿಯ ಯೋಧರು ಕೊಲ್ಲುವ ಮೊದಲು ಮುಖಕ್ಕೆ ಕಪ್ಪು ಬಟ್ಟೆ ಏರಿಸುತ್ತಾರೆ. ಮೊದಲ ಪುಸ್ತಕದಿಂದ ಈ ಮಾತು ಕೇಳುತ್ತಾ ಬಂದಿರುತ್ತೇವೆ. ಇಲ್ಲಿ ರಾಂಡ್ ಗಾಜಿನ ಕಂಬಗಳ ನಡುವೆ ನಡೆಯುತ್ತಾನೆ. ಹೆಜ್ಜೆ ಹೆಜ್ಜೆಗೂ ತನ್ನ ಪೂರ್ವಜರೊಬ್ಬರ ಕಣ್ಣಿನಿಂದ ನೋಡುತ್ತಾನೆ. ಆದರೆ ಕಾಲ ಹಿಂದಕ್ಕೆ ಓಡುತ್ತಿದೆ. ಮೊಮ್ಮಗ ಮೊದಲು, ಅಜ್ಜ ಆಮೇಲೆ. ಹಾಗೆ ಹೋಗುತ್ತಾ ಗೊತ್ತಾಗುತ್ತದೆ, ಈ ಯೋಧರ ಹಿರಿಯರು ಆಯುಧವನ್ನೇ ಮುಟ್ಟದ ಜನ. ಹಿಂಸೆ ಮಾಡುವುದಿಲ್ಲ ಅಂತ ಆಣೆ ಮಾಡಿದವರು. ಒಂದು ದಿನ ಅವರ ಹುಡುಗಿಯರನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಬಿಡಿಸಿಕೊಂಡು ಬರಲು ಹೋದ ಹುಡುಗನೊಬ್ಬ ಈಟಿ ಹಿಡಿದು ಕೊಲ್ಲುತ್ತಾನೆ. ಮರಳಿ ಬಂದಾಗ ಅವನ ತಾಯಿ, ನಿನ್ನ ಮುಖ ಮುಚ್ಚಿಕೋ ಅನ್ನುತ್ತಾಳೆ. ಇಂಥದೇ ಮುಖದ ಮಗ ನನಗಿದ್ದ, ಕೊಲೆಗಾರನ ಮೈಮೇಲೆ ಆ ಮುಖ ನೋಡಲಾರೆ ಅಂತ.

ಆ ಕಪ್ಪು ಬಟ್ಟೆ ಬಂದಿದ್ದು ಹಾಗೆ. ನಾನು ಪುಸ್ತಕ ಮುಚ್ಚಿಟ್ಟು ಒಂದು ಲೋಟ ನೀರು ಕುಡಿದು ಬಂದೆ.

2021ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಇದರ ಟಿವಿ ಸರಣಿ ಶುರುವಾಯಿತು. ಮೂರನೇ ಸೀಸನ್‌ನ ನಾಲ್ಕನೇ ಕಂತಿನಲ್ಲಿ ಈ ಭಾಗವನ್ನೇ ತೆಗೆದಿದ್ದಾರೆ. ಸರಣಿಯನ್ನು ಬೈಯುತ್ತಿದ್ದ ಎಷ್ಟೋ ಓದುಗರು ಆ ಕಂತಿಗೆ ಬಾಯಿ ಮುಚ್ಚಿದರು. ಸರಣಿ ಹಿಡಿತಕ್ಕೆ ಬಂತು ಅನ್ನುವಾಗ, 2025ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಇದಕ್ಕೆ ನಾನೂ ಅಣ್ಣನೂ ಒಟ್ಟಿಗೇ ಬೈದಿದ್ದೇವೆ.

ಕೊನೆಯ ಮೂರು ಪುಸ್ತಕದ ಮಾತು. ಜೋರ್ಡನ್ 2007ರ ಸೆಪ್ಟೆಂಬರಿನಲ್ಲಿ ಹೃದಯಕ್ಕೆ ಸಂಬಂಧಿಸಿದ ಅಪರೂಪದ ಕಾಯಿಲೆಯಿಂದ ತೀರಿಕೊಂಡರು. ಟಿಪ್ಪಣಿ ಬಿಟ್ಟುಹೋಗಿದ್ದರು, ಕೊನೆಯ ದೃಶ್ಯ ಬರೆದಿಟ್ಟಿದ್ದರು. ಅವರ ಹೆಂಡತಿ, ಸರಣಿಯ ಸಂಪಾದಕಿ ಹ್ಯಾರಿಯಟ್ ಮ್ಯಾಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್ಸನ್ ಅನ್ನುವ ಯುವ ಲೇಖಕನಿಗೆ ಕೆಲಸ ಒಪ್ಪಿಸಿದರು. ಒಂದೇ ಪುಸ್ತಕ ಅಂದುಕೊಂಡಿದ್ದು ಮೂರಾಯಿತು. ಕೊನೆಯದರಲ್ಲಿ ಮಹಾಯುದ್ಧದ ಒಂದೇ ಅಧ್ಯಾಯ ಸುಮಾರು 79 ಸಾವಿರ ಪದ. ಎಷ್ಟೋ ಕಾದಂಬರಿಗಳು ಅಷ್ಟಿರುವುದಿಲ್ಲ.

ಓದುಗರ ತಕರಾರು ರಾಂಡ್‌ನ ಇನ್ನೊಬ್ಬ ಗೆಳೆಯ ಮ್ಯಾಟ್ ಬಗ್ಗೆ. ಹೊಸ ಲೇಖಕರ ಮೊದಲ ಪುಸ್ತಕದಲ್ಲಿ ಅವನು ಬೇಕು ಅಂತಲೇ ಜೋಕು ಹೊಡೆಯುವವನಾಗಿಬಿಟ್ಟ. ಹಳೆಯ ಮ್ಯಾಟ್‌ಗೆ ತಾನು ತಮಾಷೆಯವನು ಅಂತಲೇ ಗೊತ್ತಿರಲಿಲ್ಲ, ನಗು ಬರುತ್ತಿದ್ದುದೇ ಅದಕ್ಕೆ. ಮ್ಯಾಟ್ ಸರಿಯಾಗಿ ಬರಲಿಲ್ಲ ಅಂತ ಸ್ಯಾಂಡರ್ಸನ್ ತಾವೇ ಹೇಳಿಕೊಂಡಿದ್ದಾರೆ. ಬರವಣಿಗೆಯೂ ಸರಳವಾಯಿತು, ವೇಗ ಜಾಸ್ತಿಯಾಯಿತು. ಹತ್ತನೆಯದನ್ನು ನಿಧಾನ ಅಂತ ಬೈದ ಅಣ್ಣ, ಇದನ್ನು ಅವಸರ ಅಂತ ಬೈಯುತ್ತಾನೆ! ನಾನು ಮಾತ್ರ ಸ್ಯಾಂಡರ್ಸನ್‌ಗೆ ಕೈ ಮುಗಿಯುತ್ತೇನೆ. ಇನ್ನೊಬ್ಬರ ಮನೆಯ ಮದುವೆಯನ್ನು ನಿಂತು ನಡೆಸಿಕೊಟ್ಟ ಹಾಗೆ ಮಾಡಿದ್ದಾರೆ.

ಕೊನೆಗೆ ಆ ತೆಳ್ಳಗಿನ ಪುಸ್ತಕ, 2004ರ 'ನ್ಯೂ ಸ್ಪ್ರಿಂಗ್'. ಕಥೆ ಎಲ್ಲಕ್ಕಿಂತ ಹಿಂದಿನದು. ಸಣ್ಣದಿದೆ, ಇದರಿಂದಲೇ ಶುರು ಮಾಡಿ ಅಂತ ಅಣ್ಣ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ. ಅವನ ಮಾತು ಕೇಳಬೇಡಿ. ಹತ್ತು ಮುಗಿಸಿ, ಇದನ್ನು ಓದಿ, ಆಮೇಲೆ ಹನ್ನೊಂದಕ್ಕೆ ಹೋಗಿ. ತನ್ನ ರಾಜ್ಯದ ಬಾವುಟ ಹಾರಿಸಲು ಯುವಕ ಲ್ಯಾನ್ ಯಾಕೆ ಒಪ್ಪಲಿಲ್ಲ ಅಂತ ಇದರಲ್ಲಿದೆ. ಅದು ಗೊತ್ತಿದ್ದು ನೈನೀವ್ ಆ ವ್ಯಾಪಾರಿಯ ಬಾಗಿಲಿಗೆ ಹೋಗುವ ಭಾಗ ಓದಬೇಕು.