ಸುದ್ದಿಮನೆಯಲ್ಲಿ ಇಂಟರ್ನೆಟ್: ಮೂಲ ಎಲ್ಲಿದೆ?

ಗೆಳೆಯರೇ,

ಬೆಳಿಗ್ಗೆ ಎದ್ದ ಕೂಡಲೇ ನಾವು ಪತ್ರಕರ್ತರೆಲ್ಲ ನೋಡುವುದು ವಾಟ್ಸ್‌ಆ್ಯಪ್ ಗ್ರೂಪು. ವಾರ್ತಾ ಇಲಾಖೆಯ ಪ್ರಕಟಣೆ, ಪೊಲೀಸರ ಫೋಟೊ, ಪಕ್ಷದವರ ಹೇಳಿಕೆ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಬಂದದ್ದನ್ನು ತೆಗೆದುಕೊಳ್ಳುವುದು ನಮಗೆ ಚೆನ್ನಾಗಿ ಬರುತ್ತದೆ. ಹುಡುಕಿಕೊಂಡು ಹೋಗುವುದನ್ನು ಇನ್ನೂ ಕಲಿಯಬೇಕಿದೆ.

2018ರ ಜುಲೈ. ಬೀದರ್ ಜಿಲ್ಲೆಯ ಮುರ್ಕಿ. ಆ ಕಡೆಯವರು ಈ ಸಭೆಯಲ್ಲಿದ್ದೀರಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಸ್ನೇಹಿತರಲ್ಲಿ ಒಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಮೆಸೇಜು ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅದಕ್ಕೆ ಎರಡು ತಿಂಗಳ ಹಿಂದೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಂದು ಜೀವ ಇದೇ ವದಂತಿಗೆ ಹೋಗಿತ್ತು.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಇದ್ದ ವಿಡಿಯೊ ನೆನಪಿದೆಯೇ? ಬೈಕಿನಲ್ಲಿ ಇಬ್ಬರು ಬಂದು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಕರಾಚಿಯಲ್ಲಿ ತೆಗೆದ ಚಿತ್ರ. ಮೂಲದಲ್ಲಿ ಆ ಇಬ್ಬರೂ ವಾಪಸು ಬಂದು, ಹುಡುಗನನ್ನು ಇಳಿಸಿ, ಒಂದು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಅಷ್ಟನ್ನು ಕತ್ತರಿಸಿ ಹಾಕಿದರು. ವಿಡಿಯೊ ನಿಲ್ಲಿಸಿ, ಒಂದು ಸ್ಕ್ರೀನ್‌ಶಾಟ್ ತೆಗೆದು, ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕುವ ಸೌಲಭ್ಯ 2011ರಿಂದಲೇ ಇತ್ತು. ಆ ಸಮಯದಲ್ಲಿ ‘ಮಕ್ಕಳ ಕಳ್ಳರ ಭೀತಿ: ಜನರಲ್ಲಿ ಆತಂಕ’ ಎಂಬ ಹೆಡ್ಡಿಂಗ್ ಕೊಟ್ಟು ನಾನೂ ಪುಟ ಕಟ್ಟಿದ್ದೇನೆ. ಆತಂಕ ಇದ್ದದ್ದು ನಿಜ. ಅದಕ್ಕೆ ಆಧಾರವಿಲ್ಲ ಎಂಬ ಒಂದೇ ಒಂದು ಸಾಲು ಆ ಸುದ್ದಿಯಲ್ಲಿ ಇರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ: ಮೂಲ ಎಲ್ಲಿದೆ? ‘ಭಾರಿ ಮಳೆ’ ಎಂದು ಬರೆಯುವ ಮುನ್ನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ತೆಗೆಯಿರಿ, ಹೋಬಳಿವಾರು ಸಿಗುತ್ತದೆ. ಜಮೀನಿನ ತಕರಾರೇ? ಸರ್ಕಾರದ ಜಮೀನು ದಾಖಲೆಗಳ ತಾಣ ‘ಭೂಮಿ’ಯಲ್ಲಿ ಪಹಣಿ ನೋಡಿ. ಇಲಾಖೆಯ ಪುಟ ನಾಳೆ ಮಾಯವಾಗಬಹುದು, ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷಿನ್ ಎಂಬ ತಾಣದಲ್ಲಿ ಇವತ್ತೇ ಉಳಿಸಿಡಿ.

ಹುಡುಕಿದರೂ ಸಿಗಲಿಲ್ಲ ಎನ್ನುತ್ತೀರಿ. ನಮ್ಮ ಕನ್ನಡದವರಿಗೂ ಇರುವ ತೊಡಕು ಇದು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಸದ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಕನ್ನಡದ ಪದ ಹಾಕಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಹಾಗಾಗಿ ಇಲಾಖೆಯ ತಾಣಕ್ಕೇ ಹೋಗಿ, ಆದೇಶದ ಸಂಖ್ಯೆ, ದಿನಾಂಕ ಹಿಡಿದು ನೋಡಿ. ನೀವು ಬರೆದದ್ದರ ಕಥೆಯೂ ಇದೇ. ಇಪ್ಪತ್ತು ವರ್ಷ ಕೋರ್ಟ್ ವರದಿ ಮಾಡಿದ ನನ್ನ ಹಿರಿಯರೊಬ್ಬರ ಫೈಲುಗಳು ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲೇ ಇವೆ, ಒಂದು ಹೆಸರು ಹುಡುಕಲೂ ಆಗುವುದಿಲ್ಲ. ದಯವಿಟ್ಟು ನಿಮ್ಮ ಹಳೆಯ ಬರಹಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಚೀಟಿ ಬಂತು, ಸಮಯ ಮುಗಿಯಿತಂತೆ. ಕೋರ್ಟ್ ದಾಖಲೆ, ಟೆಂಡರ್ ಎರಡನ್ನೂ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತೇ ನೋಡೋಣ. ಊಟ ಮುಗಿಸಿ ಬರುವಾಗ ನಿಮ್ಮ ಶಾಸಕರು 2018ರಲ್ಲಿ, 2023ರಲ್ಲಿ ಸ್ಪರ್ಧಿಸಿದ್ದರೆ ಎರಡೂ ಸಲದ ಆಸ್ತಿ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗದ ತಾಣದಿಂದ ಇಳಿಸಿಕೊಂಡು ಬನ್ನಿ. ಪಕ್ಕಪಕ್ಕ ಇಟ್ಟುಕೊಂಡು ಅಲ್ಲಿಂದಲೇ ಶುರು ಮಾಡೋಣ.